ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ವಿಕಿರಣ ಪ್ರಮಾಣ ಮತ್ತು ಚಿತ್ರದ ಗುಣಮಟ್ಟ: ಮಲೇಷ್ಯಾದ ಅನುಭವ

ಸ್ತನ ಕ್ಯಾನ್ಸರನ್ನು ಕೈಗೆ ಸಿಗುವ ಮೊದಲೇ ಗುರುತಿಸಲು ಬಳಸುವ ಮುಖ್ಯ ಸಾಧನ ಮ್ಯಾಮೊಗ್ರಾಂ, ಅಂದರೆ ಕಡಿಮೆ ಶಕ್ತಿಯ ಎಕ್ಸ್‌ರೇಯಿಂದ ತೆಗೆದ ಸ್ತನದ ಚಿತ್ರ. ಕೈ ಮುರಿದುಕೊಂಡವರಿಗೆ ಎಕ್ಸ್‌ರೇ ತೆಗೆದಾಗ ವಿಕಿರಣ ಬೀಳುವುದು ಆಗಲೇ ನರಳುತ್ತಿರುವವರ ಮೇಲೆ. ತಪಾಸಣೆಯ ಮ್ಯಾಮೊಗ್ರಾಂನಲ್ಲಾದರೆ ಅದು ಬೀಳುವುದು ಬಹುಪಾಲು ಆರೋಗ್ಯವಂತ ಮಹಿಳೆಯರ ಮೇಲೆ, ಅದೂ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹಲವು ಬಾರಿ. ಹಾಗಾಗಿ ಡೋಸ್, ಅಂದರೆ ದೇಹಕ್ಕೆ ಬೀಳುವ ವಿಕಿರಣದ ಪ್ರಮಾಣ, ಎಷ್ಟು ಎಂಬ ಪ್ರಶ್ನೆಯನ್ನು ಇಲ್ಲಿ ಬೇರೆಲ್ಲ ಕಡೆಗಿಂತ ಬಿಗಿಯಾಗಿ ಕೇಳಲಾಗುತ್ತದೆ. ಆದರೆ ಡೋಸನ್ನು ಇಳಿಸುತ್ತ ಹೋದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಳು ಮೂಡಿ, ಹುಡುಕುತ್ತಿದ್ದ ಗುರುತೇ ಅದರಲ್ಲಿ ಮುಚ್ಚಿಹೋಗುತ್ತದೆ. ಗಡ್ಡೆಯನ್ನು ತೋರಿಸದ ಚಿತ್ರಕ್ಕೆ ತೆತ್ತ ಡೋಸ್ ಎಷ್ಟೇ ಚಿಕ್ಕದಾಗಿರಲಿ, ಪೂರ್ತಿ ವ್ಯರ್ಥ. ಆದ್ದರಿಂದ ಈ ಶಾಸ್ತ್ರದ ಗುರಿ ಅತಿ ಕಡಿಮೆ ಡೋಸ್ ಅಲ್ಲ. ಕಾಣಬೇಕಾದದ್ದು ಕಾಣುವಷ್ಟು ಡೋಸ್, ಅದಕ್ಕಿಂತ ಹೆಚ್ಚಿಲ್ಲ.

ಈ ಹದ ಎಲ್ಲ ದೇಶಗಳಿಗೂ ಒಂದೇ ಅಲ್ಲ. ಸ್ತನದ ದಪ್ಪ, ಅದರೊಳಗಿನ ಗ್ರಂಥಿ ಮತ್ತು ಕೊಬ್ಬಿನ ಪಾಲು, ಯಂತ್ರದ ತಲೆಮಾರು, ತಂತ್ರಜ್ಞೆಯ ಕೈಚಳಕ ಎಲ್ಲವೂ ಅದರಲ್ಲಿ ಸೇರಿವೆ. ಮಲಯ, ಚೀನಿ, ಭಾರತೀಯ ಮೂಲದವರೂ ಸಬಾ-ಸರವಾಕ್‌ನ ಮೂಲನಿವಾಸಿಗಳೂ ಕೂಡಿ ಬಾಳುವ ಮಲೇಷ್ಯಾ ಈ ಹದವನ್ನು ತನ್ನ ಮಹಿಳೆಯರ ಮೇಲೆಯೇ ಅಳೆದು ನೋಡಿದ ಏಷ್ಯಾದ ದೇಶಗಳಲ್ಲಿ ಒಂದು.

ಹಿನ್ನೆಲೆ

ರೋಂಟ್ಜನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಮೇಲೆ, 1913ರಲ್ಲಿ ಬರ್ಲಿನ್‌ನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನಗಳ ಎಕ್ಸ್‌ರೇ ಚಿತ್ರಗಳನ್ನು ಅಧ್ಯಯನ ಮಾಡಿದ. ಉರುಗ್ವೆಯ ರಾವುಲ್ ಲೆಬೋರ್ನ್ 20ನೆಯ ಶತಮಾನದ ನಡುಭಾಗದಲ್ಲಿ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆಯುವ ಕ್ರಮವನ್ನು ಬಳಕೆಗೆ ತಂದ. ಅಮೆರಿಕದ ರಾಬರ್ಟ್ ಈಗನ್ 1960ರ ಸುಮಾರಿಗೆ ಕಡಿಮೆ ವೋಲ್ಟೇಜಿನ ವಿಧಾನವೊಂದನ್ನು ರೂಢಿಸಿದ. ಫ್ರಾನ್ಸಿನ ಶಾರ್ಲ್ ಗ್ರೋ ಅದೇ ದಶಕದಲ್ಲಿ ಮಾಲಿಬ್ಡಿನಮ್ ಲೋಹದ ಆನೋಡ್ ಇರುವ ಎಕ್ಸ್‌ರೇ ಕೊಳವೆಯನ್ನು ಬಳಸಿದಾಗ ಸ್ತನಕ್ಕೆಂದೇ ಮೀಸಲಾದ ಯಂತ್ರ ಹುಟ್ಟಿತು.

ಡೋಸಿನ ಬಗ್ಗೆ ದೊಡ್ಡ ಎಚ್ಚರ ಮೂಡಿದ್ದು 1976ರಲ್ಲಿ. ಅಮೆರಿಕದಲ್ಲಿ 1973ರಿಂದ ನಡೆಯುತ್ತಿದ್ದ ರಾಷ್ಟ್ರವ್ಯಾಪಿ ಸ್ತನ ಕ್ಯಾನ್ಸರ್ ತಪಾಸಣಾ ಯೋಜನೆಯ ಕುರಿತು ಜಾನ್ ಬೇಲರ್ ಎಂಬ ವೈದ್ಯ-ಸಂಖ್ಯಾಶಾಸ್ತ್ರಜ್ಞ ನೇರವಾದ ಪ್ರಶ್ನೆ ಎತ್ತಿದ: ಎಳೆಯ ವಯಸ್ಸಿನ ಮಹಿಳೆಯರಿಗೆ ಪದೇ ಪದೇ ಎಕ್ಸ್‌ರೇ ಕೊಟ್ಟು ಉಳಿಸುವ ಜೀವಗಳೆಷ್ಟು, ಹುಟ್ಟಿಸುವ ಕ್ಯಾನ್ಸರ್‌ಗಳೆಷ್ಟು? ಆಗಿನ ಯಂತ್ರಗಳ ಡೋಸ್ ಇಂದಿನದಕ್ಕಿಂತ ಬಹಳ ಹೆಚ್ಚಾಗಿತ್ತು. ಬೆಳಕು ಸೂಸುವ ಪರದೆಯೊಂದಿಗೆ ಜೋಡಿಸಿದ ಫಿಲ್ಮ್ 1970ರ ದಶಕದಲ್ಲಿ ಬಂದು ಡೋಸನ್ನು ಗಣನೀಯವಾಗಿ ಇಳಿಸಿತು. ಅಂದಿನಿಂದ ಪ್ರತಿ ಹೊಸ ತಂತ್ರವನ್ನೂ ಎಷ್ಟು ತೋರಿಸುತ್ತದೆ, ಎಷ್ಟು ವಿಕಿರಣಕ್ಕೆ ತೋರಿಸುತ್ತದೆ ಎಂಬ ಜೋಡಿ ಪ್ರಶ್ನೆಯಿಂದಲೇ ಒರೆಗೆ ಹಚ್ಚಲಾಗುತ್ತಿದೆ.

ಚಿತ್ರ ಮೂಡುವ ಬಗೆ

ಎದೆಯ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಗಾಳಿ ಕಪ್ಪಗೆ ಕಾಣುತ್ತದೆ, ಅಂತರ ಢಾಳಾಗಿದೆ. ಸ್ತನದಲ್ಲಿ ಮೂಳೆಯೂ ಇಲ್ಲ, ಗಾಳಿಯೂ ಇಲ್ಲ. ಇರುವುದು ಕೊಬ್ಬು, ಹಾಲಿನ ಗ್ರಂಥಿ, ನಾರು. ಗ್ರಂಥಿ ಅಂಗಾಂಶವೂ ಕ್ಯಾನ್ಸರ್ ಗಡ್ಡೆಯೂ ಎಕ್ಸ್‌ರೇಯನ್ನು ಹೀರುವುದರಲ್ಲಿ ಹೆಚ್ಚುಕಡಿಮೆ ಸಮ. ಕಿರಣದ ಶಕ್ತಿ ಹೆಚ್ಚಿದಷ್ಟೂ ಈ ಅಲ್ಪ ವ್ಯತ್ಯಾಸವೂ ಕರಗುತ್ತದೆ. ಆದ್ದರಿಂದ ಮ್ಯಾಮೊಗ್ರಫಿಯಲ್ಲಿ ಕೊಳವೆಗೆ ಕೊಡುವುದು ಸಾಮಾನ್ಯವಾಗಿ 25ರಿಂದ 32 ಕಿಲೊವೋಲ್ಟ್ ಮಾತ್ರ. ಮಾಲಿಬ್ಡಿನಮ್ ಕೊಳವೆಯಿಂದ ಹೊಮ್ಮುವ ವಿಶಿಷ್ಟ ಕಿರಣಗಳ ಶಕ್ತಿ 17.5 ಮತ್ತು 19.6 ಕಿಲೊಎಲೆಕ್ಟ್ರಾನ್‌ವೋಲ್ಟ್, ತೆಳುವಾದ, ಸರಾಸರಿ ಸ್ತನಕ್ಕೆ ಹೊಂದುವ ಶಕ್ತಿ ಇದು.

ತೊಡಕೂ ಇಲ್ಲೇ ಇದೆ. ಕಡಿಮೆ ಶಕ್ತಿಯ ಕಿರಣ ಅಂತರವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಹೆಚ್ಚಿನ ಪಾಲು ಸ್ತನದಲ್ಲೇ ಹೀರಿಕೊಂಡು ಡೋಸಾಗಿ ಉಳಿಯುತ್ತದೆ. ಸ್ತನದ ದಪ್ಪ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಾದರೆ ಆಚೆ ಬದಿಯ ಡಿಟೆಕ್ಟರ್‌ಗೆ ತಲುಪುವ ಕಿರಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮೇಲಿನಿಂದ ದುಪ್ಪಟ್ಟು ಕಿರಣ ಹಾಯಿಸಬೇಕು. ದಪ್ಪ ಅಥವಾ ಸಾಂದ್ರ ಸ್ತನಗಳಿಗೆ ರೋಡಿಯಮ್ ಸೋಸುಹಾಳೆ (ಫಿಲ್ಟರ್) ಬಳಸುವುದೂ, ಇತ್ತೀಚಿನ ಡಿಜಿಟಲ್ ಯಂತ್ರಗಳಲ್ಲಿ ಟಂಗ್‌ಸ್ಟನ್ ಕೊಳವೆಯೊಂದಿಗೆ ರೋಡಿಯಮ್ ಇಲ್ಲವೇ ಬೆಳ್ಳಿಯ ಹಾಳೆ ಇಡುವುದೂ ಈ ಕಾರಣಕ್ಕೆ. ಶಕ್ತಿ ತುಸು ಏರಿದರೆ ಕಿರಣ ಸುಲಭವಾಗಿ ದಾಟುತ್ತದೆ, ಡೋಸ್ ಇಳಿಯುತ್ತದೆ. ಕುಂದಿದ ಅಂತರವನ್ನು ಕಂಪ್ಯೂಟರ್ ಪರದೆಯ ಮೇಲೆ ಹೆಚ್ಚಿಸಿ ನೋಡಬಹುದು.

ಎರಡನೆಯ ಶತ್ರು ಕಾಳು. ಎಕ್ಸ್‌ರೇ ಎಂಬುದು ಬಿಡಿಬಿಡಿ ಕಣಗಳಾಗಿ ಬೀಳುವ ಕಿರಣ. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ವಿರಳವಾಗಿ ಬೀಳುವಂತೆ, ಕಣಗಳು ಕಡಿಮೆ ಇದ್ದಾಗ ಚಿತ್ರ ಏರುಪೇರಾಗುತ್ತದೆ. ಮಳೆ ಜೋರಾದ ಮೇಲೆ ಅಂಗಳವೆಲ್ಲ ಒಂದೇ ಸಮ ನೆನೆಯುತ್ತದೆ. ಈ ಸ್ಪಷ್ಟತೆ ಡೋಸಿನ ವರ್ಗಮೂಲದಷ್ಟೇ ಏರುತ್ತದೆ: ಡೋಸ್ ಎರಡು ಪಟ್ಟಾದರೆ ಸ್ಪಷ್ಟತೆ ಹೆಚ್ಚುವುದು 1.4 ಪಟ್ಟು ಮಾತ್ರ. ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಡೋಸ್ ನಾಲ್ಕು ಪಟ್ಟಾಗಬೇಕು. ಒಂದು ಹಂತ ದಾಟಿದ ಮೇಲೆ ಡೋಸ್ ಏರಿಸಿ ಸಿಗುವ ಲಾಭ ಅತ್ಯಲ್ಪ ಎಂಬುದನ್ನು ಈ ಸರಳ ಲೆಕ್ಕ ಹೇಳುತ್ತದೆ. ಆ ಹಂತಕ್ಕಿಂತ ಕೆಳಗೆ ಇಳಿದರೆ ಮೊದಲು ಮಾಯವಾಗುವುದು ಸೂಕ್ಷ್ಮ ಕ್ಯಾಲ್ಸಿಯಂ ಕಣಗಳು. ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಚಿಕ್ಕದಾದ ಈ ಕಣಗಳು ಗುಂಪಾಗಿ ಕಂಡರೆ, ಹಾಲಿನ ನಾಳದೊಳಗೇ ಇನ್ನೂ ಅಡಗಿರುವ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು.

ಒತ್ತುಹಲಗೆಯ ಪಾತ್ರ

ಡೋಸನ್ನೂ ಗುಣಮಟ್ಟವನ್ನೂ ಒಟ್ಟಿಗೆ ಸುಧಾರಿಸುವ ಅಪರೂಪದ ಉಪಾಯ ಒತ್ತುಹಲಗೆ. ಮಹಿಳೆಯರು ಅತಿ ಹೆಚ್ಚು ಅಂಜುವುದೂ ಇದಕ್ಕೇ. ಮಲೇಷ್ಯಾದ ಆಸ್ಪತ್ರೆಗಳಲ್ಲಿ ಚಿತ್ರ ತೆಗೆಯುವವರನ್ನು ಮಲಯ ಭಾಷೆಯಲ್ಲಿ ಜುರು ಎಕ್ಸ್‌ರೇ ಎನ್ನುತ್ತಾರೆ. ಪರೀಕ್ಷೆಯ ದಿನ ಮೈಗೆ ಪೌಡರ್, ಸುಗಂಧ ಲೇಪನ ಹಚ್ಚಬಾರದು. ಅವುಗಳ ಕಣಗಳು ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಯಂತೆ ಕಂಡು ಮೋಸ ಮಾಡಬಲ್ಲವು. ಜುರು ಎಕ್ಸ್‌ರೇ ಮಹಿಳೆಯನ್ನು ಯಂತ್ರದ ಮುಂದೆ ನಿಲ್ಲಿಸಿ, ಸ್ತನವನ್ನು ಹಲಗೆಯ ಮೇಲಿಟ್ಟು, ಮಡಿಕೆ ಬೀಳದಂತೆ ಕೈಯಿಂದ ಮುಂದಕ್ಕೆ ಸವರಿ, ಮೇಲಿನ ಪಾರದರ್ಶಕ ಹಲಗೆಯನ್ನು ಮೆಲ್ಲಗೆ ಇಳಿಸುತ್ತಾರೆ. ಚರ್ಮ ಬಿಗಿಯಾದ ಮೇಲೆ ಕೊನೆಯ ಒಂದೆರಡು ತಿರುವು ಕೈಯಿಂದ. ‘ತಹಾನ್ ನಫಾಸ್’, ಉಸಿರು ಬಿಗಿಹಿಡಿಯಿರಿ, ಎಂದು ಹೇಳಿ ಗುಂಡಿ ಒತ್ತುತ್ತಾರೆ. ಕೆಲವೇ ಕ್ಷಣಗಳಲ್ಲಿ ಹಲಗೆ ತಾನಾಗಿ ಮೇಲೇಳುತ್ತದೆ. ಪ್ರತಿ ಸ್ತನಕ್ಕೂ ಮೇಲಿನಿಂದ ಒಂದು, ಕಂಕುಳ ಕಡೆಯಿಂದ ಓರೆಯಾಗಿ ಒಂದು, ಹೀಗೆ ಒಟ್ಟು ನಾಲ್ಕು ಚಿತ್ರ.

ಆ ಒತ್ತಡದಿಂದ ಸ್ತನ ತೆಳುವಾಗುತ್ತದೆ, ಡೋಸ್ ಇಳಿಯುತ್ತದೆ. ಒಂದರ ಮೇಲೊಂದು ಬಿದ್ದಿದ್ದ ಗ್ರಂಥಿಗಳು ಬಿಡಿಸಿಕೊಂಡು ಹರಡುತ್ತವೆ. ಚದರುವ ಕಿರಣ ಕಡಿಮೆಯಾಗುತ್ತದೆ, ಅಲುಗಾಟ ನಿಲ್ಲುತ್ತದೆ. ಮಹಿಳೆ ನೋವಿಗೆ ಹಿಂದೆ ಸರಿದಾಗ ಎದೆಗೂಡಿಗೆ ಅಂಟಿದ ಭಾಗ ಚಿತ್ರದಿಂದ ಹೊರಗುಳಿದರೆ ಮತ್ತೆ ತೆಗೆಯಬೇಕು. ಮರುಚಿತ್ರವೆಂದರೆ ಆ ನೋಟದ ಡೋಸ್ ಇಮ್ಮಡಿ. ಆದ್ದರಿಂದ ಮರುಚಿತ್ರಗಳ ಎಣಿಕೆ ಗುಣಮಟ್ಟ ನಿಯಂತ್ರಣದ ಒಂದು ಮುಖ್ಯ ಲೆಕ್ಕ. ತಂತ್ರಜ್ಞೆಯ ನಾಲ್ಕು ಸಮಾಧಾನದ ಮಾತು ಮಹಿಳೆಯ ಭುಜವನ್ನು ಸಡಿಲಗೊಳಿಸಿದರೆ, ಆ ಮಾತನ್ನೂ ಡೋಸ್ ಇಳಿಸುವ ಉಪಾಯಗಳಲ್ಲಿ ಎಣಿಸಬೇಕಾಗುತ್ತದೆ.

ಹಲಗೆಯ ಕೆಳಗಿರುವ ಗ್ರಿಡ್ ಎಂಬ ಜಾಲರಿಯ ಕಥೆ ಬೇರೆ. ಅದು ಚದರಿದ ಕಿರಣವನ್ನು ತಡೆದು ಚಿತ್ರವನ್ನು ನಿಚ್ಚಳವಾಗಿಸುತ್ತದೆ, ಆದರೆ ಒಳ್ಳೆಯ ಕಿರಣದ ಒಂದು ಪಾಲನ್ನೂ ನುಂಗುತ್ತದೆ. ಅದರ ಬೆಲೆಯಾಗಿ ಡೋಸ್ ಸುಮಾರು ಎರಡು ಪಟ್ಟಾಗುತ್ತದೆ. ಅಷ್ಟಾದರೂ ಸಾಮಾನ್ಯ ತಪಾಸಣೆಯಲ್ಲಿ ಗ್ರಿಡ್ ಬಿಡುವುದು ಅಪರೂಪ. ಹೆಚ್ಚು ಡೋಸನ್ನು ತಿಳಿದೇ ಒಪ್ಪಿಕೊಳ್ಳುವುದಕ್ಕೆ ಇದೊಂದು ಉದಾಹರಣೆ.

ಡೋಸ್ ಅಳೆಯುವ ಬಗೆ

ಸ್ತನದ ಕೊಬ್ಬು ಮತ್ತು ಚರ್ಮಕ್ಕಿಂತ ಕ್ಯಾನ್ಸರಿನ ಅಪಾಯ ಇರುವುದು ಗ್ರಂಥಿ ಅಂಗಾಂಶಕ್ಕೆ. ಆದ್ದರಿಂದ ಮ್ಯಾಮೊಗ್ರಫಿಯಲ್ಲಿ ಅಳೆಯುವುದು ‘ಸರಾಸರಿ ಗ್ರಂಥಿ ಡೋಸ್’ ಎಂಬ ಪ್ರಮಾಣವನ್ನು, ಏಕಮಾನ ಮಿಲಿಗ್ರೇ. ಬದುಕಿರುವ ಸ್ತನದೊಳಗೆ ಮೀಟರ್ ಇಟ್ಟು ಇದನ್ನು ಅಳೆಯಲಾಗದು. ಸ್ತನದ ಮೇಲ್ಭಾಗದಲ್ಲಿ ಗಾಳಿಗೆ ಸಿಗುವ ಕಿರಣವನ್ನು ಅಳೆದು, ಅದನ್ನು ಮೂರು ಗುಣಾಂಕಗಳಿಂದ ಗುಣಿಸಿ ಲೆಕ್ಕಹಾಕುತ್ತಾರೆ. ಬ್ರಿಟನ್ನಿನ ಭೌತವಿಜ್ಞಾನಿ ಡೇವಿಡ್ ಡ್ಯಾನ್ಸ್ 1990ರಿಂದ ರೂಪಿಸಿದ ಈ ವಿಧಾನದಲ್ಲಿ ಒಂದು ಗುಣಾಂಕ ದಪ್ಪವನ್ನೂ, ಇನ್ನೊಂದು ಗ್ರಂಥಿಯ ಪಾಲನ್ನೂ, ಮತ್ತೊಂದು ಕೊಳವೆ ಮತ್ತು ಸೋಸುಹಾಳೆಯ ಜೋಡಿಯನ್ನೂ ಲೆಕ್ಕಕ್ಕೆ ತರುತ್ತದೆ.

ಅಮೆರಿಕದ ಕಾನೂನಿನಂತೆ 4.2 ಸೆಂಟಿಮೀಟರ್ ದಪ್ಪದ ಮಾದರಿ ಸ್ತನಕ್ಕೆ ಒಂದು ಚಿತ್ರದ ಡೋಸ್ 3 ಮಿಲಿಗ್ರೇ ಮೀರಬಾರದು. ಯುರೋಪಿನ ಮಾರ್ಗಸೂಚಿ 5.3 ಸೆಂಟಿಮೀಟರ್ ದಪ್ಪದ ಮಾದರಿಗೆ 2.5 ಮಿಲಿಗ್ರೇ ಮಿತಿ ಹಾಕಿ, 2 ಮಿಲಿಗ್ರೇಯನ್ನು ಸಾಧಿಸಬಹುದಾದ ಗುರಿ ಎಂದಿದೆ. ಇವು ಯಂತ್ರವನ್ನು ಒರೆಹಚ್ಚುವ ಅಳತೆಗಳು. ಬಂದ ಪ್ರತಿ ಮಹಿಳೆಗೂ ಹಾಕಿದ ಗೆರೆಯಲ್ಲ.

ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಚಿತ್ರಕ್ಕೆ 2 ಮಿಲಿಗ್ರೇಯಂತೆ ಪ್ರತಿ ಸ್ತನಕ್ಕೆ ಎರಡು ಚಿತ್ರವೆಂದರೆ 4 ಮಿಲಿಗ್ರೇ. ಎರಡೂ ಸ್ತನ ಸೇರಿಸಿ 8 ಎನ್ನುವುದು ತಪ್ಪು. ಇದು ಅಂಗದ ಪ್ರತಿ ಗ್ರಾಂಗೆ ಬಿದ್ದ ಸರಾಸರಿ, ಎರಡು ಕೊಡಗಳಲ್ಲೂ ನೀರು ಗೇಣುದ್ದ ನಿಂತರೆ ಆಳ ಗೇಣೇ ಹೊರತು ಎರಡು ಗೇಣಲ್ಲ. ಇಡೀ ದೇಹದ ಅಪಾಯಕ್ಕೆ ಹೋಲಿಸಲು ಇದನ್ನು ಸ್ತನದ ತೂಕಾಂಕದಿಂದ ಗುಣಿಸಬೇಕು, ಆಗ ಬರುವ ಅಂಕಿಯ ಏಕಮಾನ ಮಿಲಿಸೀವರ್ಟ್. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1990ರ ಶಿಫಾರಸಿನಲ್ಲಿ ಈ ಅಂಕವನ್ನು 0.05 ಎಂದಿತ್ತು, 2007ರಲ್ಲಿ 0.12ಕ್ಕೆ ಏರಿಸಿತು. ಯಂತ್ರ ಅದೇ, ಕಿರಣ ಅದೇ, ಆದರೆ ಲೆಕ್ಕದಲ್ಲಿ ಅದೇ ಪರೀಕ್ಷೆ 0.2ರಿಂದ 0.48 ಮಿಲಿಸೀವರ್ಟ್‌ಗೆ ಜಿಗಿಯಿತು. ಸ್ತನ ಅಂಗಾಂಶ ವಿಕಿರಣಕ್ಕೆ ಎಷ್ಟು ಸೂಕ್ಷ್ಮ ಎಂಬ ತಿಳಿವಳಿಕೆ ಬದಲಾದದ್ದೇ ಇದಕ್ಕೆ ಕಾರಣ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ತಾನಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಆ ಲೆಕ್ಕದಲ್ಲಿ ಒಂದು ಮ್ಯಾಮೊಗ್ರಾಂ ಎಂದರೆ ಸುಮಾರು ಎರಡೂವರೆ ತಿಂಗಳ ಸಹಜ ವಿಕಿರಣ.

ಗುಣಮಟ್ಟ ಅಳೆಯುವ ಬಗೆ

ಚಿತ್ರ ಚೆನ್ನಾಗಿದೆ ಎಂಬುದು ಕಣ್ಣಿನ ಅಭಿಪ್ರಾಯವಾಗಿ ಉಳಿಯಬಾರದೆಂದು ಫ್ಯಾಂಟಮ್ ಎಂಬ ಕೃತಕ ಸ್ತನವನ್ನು ಬಳಸುತ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜಿನ ಮೂಲ ಫ್ಯಾಂಟಮ್ ಅಂಗೈಯಗಲದ ಅಕ್ರಿಲಿಕ್ ಗಟ್ಟಿ. ಅದರೊಳಗಿನ ಮೇಣದ ಬಿಲ್ಲೆಯಲ್ಲಿ ನಾರಿನಂತಿರುವ ಆರು ಎಳೆಗಳು, ಕ್ಯಾಲ್ಸಿಯಂ ಚುಕ್ಕೆಗಳಂಥ ಐದು ಗುಂಪುಗಳು, ಗಡ್ಡೆಯಂಥ ಐದು ಉಬ್ಬುಗಳು ಹುದುಗಿವೆ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಚಿತ್ರದಲ್ಲಿ ಕನಿಷ್ಠ ನಾಲ್ಕು ಎಳೆ, ಮೂರು ಚುಕ್ಕೆಗುಂಪು, ಮೂರು ಉಬ್ಬು ಕಂಡರೆ ಯಂತ್ರ ಪಾಸು. ಯುರೋಪಿನಲ್ಲಿ ಬಳಕೆಯಲ್ಲಿರುವ ಇನ್ನೊಂದು ಫ್ಯಾಂಟಮ್ ಇನ್ನೂ ನಾಜೂಕು. ಅಲ್ಯೂಮಿನಿಯಂ ತಗಡಿನ ಮೇಲೆ ಚೌಕುಳಿ ಮನೆಗಳು, ಮನೆಮನೆಯಲ್ಲೂ ಚಿನ್ನದ ಬಿಲ್ಲೆ. ಬಿಲ್ಲೆಯ ವ್ಯಾಸ 2 ಮಿಲಿಮೀಟರಿನಿಂದ 0.06 ಮಿಲಿಮೀಟರಿನವರೆಗೆ, ದಪ್ಪ 2 ಮೈಕ್ರೊಮೀಟರಿನಿಂದ 0.03 ಮೈಕ್ರೊಮೀಟರಿನವರೆಗೆ ಕುಗ್ಗುತ್ತದೆ. ಎಷ್ಟು ಚಿಕ್ಕ, ಎಷ್ಟು ತೆಳು ಬಿಲ್ಲೆಯವರೆಗೆ ಗುರುತಿಸಲಾಯಿತು ಎಂಬುದೇ ಅಂಕ.

ಡೋಸ್ ಮತ್ತು ಗುಣಮಟ್ಟ ಎರಡನ್ನೂ ಒಂದೇ ಫ್ಯಾಂಟಮ್ ಮೇಲೆ ಜೊತೆಜೊತೆಯಾಗಿ ಅಳೆಯುವುದು ರೂಢಿ. ಡೋಸ್ ಇಳಿಸಿದ ಯಂತ್ರ ಒಂದು ಚುಕ್ಕೆಗುಂಪನ್ನು ಕಳೆದುಕೊಂಡರೆ, ಅದು ಉಳಿತಾಯವಲ್ಲ, ನಷ್ಟ ಎಂದು ಆ ಅಳತೆಯೇ ಹೇಳುತ್ತದೆ.

ಮಲೇಷ್ಯಾದಲ್ಲಿ ನಡೆದ ಅಳತೆ

ಅಂತಾರಾಷ್ಟ್ರೀಯ ಮಾದರಿ ಸ್ತನಗಳು ಪಾಶ್ಚಾತ್ಯ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡವು: ಗ್ರಂಥಿ ಅರ್ಧ, ಕೊಬ್ಬು ಅರ್ಧ, ಇಂತಿಷ್ಟು ದಪ್ಪ. ಏಷ್ಯಾದ ಮಹಿಳೆಯರ ಸ್ತನಗಳು ಸಾಮಾನ್ಯವಾಗಿ ಚಿಕ್ಕವು ಮತ್ತು ಹೆಚ್ಚು ಸಾಂದ್ರ. ತೆಳುವಾದ್ದರಿಂದ ಡೋಸ್ ಕಡಿಮೆ ಬೇಕು. ಸಾಂದ್ರವಾದ್ದರಿಂದ ಹೆಚ್ಚು ಬೇಕು. ಈ ಎರಡು ಎಳೆತಗಳಲ್ಲಿ ಗೆಲ್ಲುವುದು ಯಾವುದೆಂದು ಪುಸ್ತಕ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು.

ಆ ಕೆಲಸಕ್ಕೆ ಕೈಹಾಕಿದವರಲ್ಲಿ ಪ್ರಮುಖರು ಕ್ವಾಲಾಲಂಪುರದ ಮಲಯಾ ವಿಶ್ವವಿದ್ಯಾಲಯದ ವೈದ್ಯಕೀಯ ಭೌತವಿಜ್ಞಾನಿ ಕ್ವಾನ್ ಹೂಂಗ್ ಎನ್‌ಜಿ ಮತ್ತು ಮಲೇಷ್ಯಾದ ಪರಮಾಣು ಸಂಶೋಧನಾ ಸಂಸ್ಥೆಯ ನೋರಿಯಾ ಜಮಾಲ್. ಆಸ್ಟ್ರೇಲಿಯಾದ ಸಂಶೋಧಕ ಮೆಕ್ಲೀನ್ ಜೊತೆಗೂಡಿ ಅವರು ಮಲಯ, ಚೀನಿ, ಭಾರತೀಯ ಮೂಲದ ಮಹಿಳೆಯರ ಮ್ಯಾಮೊಗ್ರಾಂಗಳಿಂದ ಸರಾಸರಿ ಗ್ರಂಥಿ ಡೋಸನ್ನು ಲೆಕ್ಕಹಾಕಿ, ಅದನ್ನು ಏರಿಳಿಸುವ ಅಂಶಗಳನ್ನು ಪರಿಶೀಲಿಸಿದರು. ಆ ಅಧ್ಯಯನ 2003ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿಯಲ್ಲಿ ಪ್ರಕಟವಾಯಿತು. ಮಲೇಷ್ಯಾದ ಮಹಿಳೆಯರ ಸ್ತನದಲ್ಲಿ ಗ್ರಂಥಿಯ ಪಾಲೆಷ್ಟು ಎಂಬುದನ್ನು ಎಕ್ಸ್‌ರೇ ದಾಖಲೆಗಳಿಂದಲೇ ಅಂದಾಜಿಸಿದ ಇನ್ನೊಂದು ಲೇಖನ 2004ರಲ್ಲಿ ಬಂತು. ಡೋಸಿನ ಸೂತ್ರದಲ್ಲಿ ಗ್ರಂಥಿಯ ಪಾಲಿಗೆ ಊಹೆಯ ಅಂಕಿ ಹಾಕುತ್ತಿದ್ದ ಜಾಗದಲ್ಲಿ ಸ್ಥಳೀಯ ಅಂಕಿ ಹಾಕಲು ಸಾಧ್ಯವಾದದ್ದು ಇಂಥ ಕೆಲಸದಿಂದ. ಕ್ವಾನ್ ಹೂಂಗ್ ಎನ್‌ಜಿ ಅವರಿಗೆ 2018ರಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಭೌತವಿಜ್ಞಾನ ಸಂಘಟನೆಯ ಮೇರಿ ಕ್ಯೂರಿ ಪ್ರಶಸ್ತಿ ಸಂದಿತು.

ಸಾಂದ್ರತೆಯ ಪ್ರಶ್ನೆಯನ್ನು ಮುಂದೆ ಕ್ಯಾನ್ಸರ್ ರಿಸರ್ಚ್ ಮಲೇಷ್ಯಾ ಎಂಬ ಸಂಸ್ಥೆಯ ಸಂಶೋಧಕರು ಕೈಗೆತ್ತಿಕೊಂಡರು. ಮೂರು ಜನಾಂಗಗಳಲ್ಲಿ ಚೀನಿ ಮೂಲದ ಮಹಿಳೆಯರಲ್ಲಿ ಸಾಂದ್ರತೆಯ ಶೇಕಡಾವಾರು ಹೆಚ್ಚೆಂದು ಅವರ ಅಧ್ಯಯನಗಳು ತೋರಿಸಿವೆ. ಸಾಂದ್ರತೆ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ: ಅದು ತಾನೇ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಒಂದು ಅಂಶ, ಜೊತೆಗೆ ಬಿಳಿಯ ಗ್ರಂಥಿಯ ನಡುವೆ ಬಿಳಿಯ ಗಡ್ಡೆಯನ್ನು ಬಚ್ಚಿಡುತ್ತದೆ. ಇಲ್ಲಿ ಡೋಸ್ ಏರಿಸಿ ಪ್ರಯೋಜನವಿಲ್ಲ. ಅಡ್ಡಿಯಾಗಿರುವುದು ಕಾಳಲ್ಲ, ಮೇಲೆ ಬಿದ್ದ ನೆರಳು. ಅಂಥವರಿಗೆ ವಿಕಿರಣವೇ ಇಲ್ಲದ ಅಲ್ಟ್ರಾಸೌಂಡನ್ನು ಜೊತೆಗೆ ಮಾಡುವುದುಂಟು.

ಕಾನೂನು ಮತ್ತು ಮೇಲ್ವಿಚಾರಣೆ

ಮಲೇಷ್ಯಾದಲ್ಲಿ ವಿಕಿರಣ ಬಳಕೆಯ ಮೂಲ ಕಾನೂನು 1984ರ ಪರಮಾಣು ಶಕ್ತಿ ಪರವಾನಗಿ ಕಾಯ್ದೆ, 304ನೆಯ ಕಾಯ್ದೆ. ಉದ್ಯಮ ಮತ್ತಿತರ ಬಳಕೆಗಳನ್ನು ಪರಮಾಣು ಪರವಾನಗಿ ಪ್ರಾಧಿಕಾರ ನೋಡಿಕೊಂಡರೆ, ವೈದ್ಯಕೀಯ ಬಳಕೆಯ ಹೊಣೆ ಆರೋಗ್ಯ ಸಚಿವಾಲಯದ್ದು. ವಿಕಿರಣ ರಕ್ಷಣೆಯ ಮೂಲ ಸುರಕ್ಷತಾ ನಿಯಮಗಳು 2010ರಲ್ಲಿ ಹೊಸದಾಗಿ ಬಂದವು. ವೈದ್ಯಕೀಯ ಎಕ್ಸ್‌ರೇಗೆಂದೇ ಎಂಎಸ್ 838 ಎಂಬ ಮಲೇಷ್ಯಾ ಮಾನಕವಿದೆ. ಅಳತೆಯ ಮೀಟರುಗಳು ಸರಿಯಿವೆಯೇ ಎಂದು ತಾಳೆ ನೋಡುವ ದ್ವಿತೀಯ ಮಾನಕ ಪ್ರಯೋಗಾಲಯ ಸೆಲಾಂಗೊರ್ ರಾಜ್ಯದ ಬಾಂಗಿಯಲ್ಲಿರುವ ಮಲೇಷ್ಯಾ ಪರಮಾಣು ಸಂಸ್ಥೆಯಲ್ಲಿದೆ.

ವಿಕಿರಣದ ನಡುವೆ ಕೆಲಸ ಮಾಡುವ ನೌಕರರಿಗೆ ವಾರ್ಷಿಕ ಡೋಸ್ ಮಿತಿ ಇದೆ. ರೋಗಿಗೆ ಅಂಥ ಮಿತಿ ಇಲ್ಲ. ಪರೀಕ್ಷೆ ಅಗತ್ಯವೇ, ಅಗತ್ಯವಿದ್ದರೆ ಡೋಸ್ ಹದವಾಗಿದೆಯೇ ಎಂಬ ಎರಡು ಪ್ರಶ್ನೆಗಳೇ ರೋಗಿಯ ರಕ್ಷಣೆ. ಎರಡನೆಯ ಪ್ರಶ್ನೆಗೆ ಉತ್ತರವಾಗಿ ಬಂದದ್ದು ‘ಉಲ್ಲೇಖ ಮಟ್ಟ’. ದೇಶದ ಆಸ್ಪತ್ರೆಗಳ ಡೋಸುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮುಕ್ಕಾಲು ಪಾಲು ಆಸ್ಪತ್ರೆಗಳು ಯಾವ ಅಂಕಿಯ ಕೆಳಗಿವೆಯೋ ಅದನ್ನು ಗುರುತಾಗಿ ಇಡುತ್ತಾರೆ. ಅದಕ್ಕಿಂತ ಮೇಲಿರುವ ಆಸ್ಪತ್ರೆ ತಪ್ಪಿತಸ್ಥ ಎಂದಲ್ಲ, ಕಾರಣ ಹುಡುಕಬೇಕು ಎಂದರ್ಥ. ತೀರಾ ಕೆಳಗಿರುವ ಆಸ್ಪತ್ರೆಯೂ ತನ್ನ ಚಿತ್ರಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಮಲೇಷ್ಯಾದ ಆರೋಗ್ಯ ಸಚಿವಾಲಯ ವೈದ್ಯಕೀಯ ಚಿತ್ರಣಕ್ಕೆ ರಾಷ್ಟ್ರೀಯ ಉಲ್ಲೇಖ ಮಟ್ಟಗಳನ್ನು 2013ರಲ್ಲಿ ಪ್ರಕಟಿಸಿತು.

ಫಿಲ್ಮಿನಿಂದ ಡಿಜಿಟಲ್‌ಗೆ

ಫಿಲ್ಮಿಗೆ ಒಂದು ಸದ್ಗುಣವಿತ್ತು: ಸುಳ್ಳು ಹೇಳುತ್ತಿರಲಿಲ್ಲ. ಡೋಸ್ ಹೆಚ್ಚಾದರೆ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳುಚುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಕಂಪ್ಯೂಟರ್ ಬೆಳಕನ್ನು ತಾನೇ ಸರಿಹೊಂದಿಸುತ್ತದೆ. ಡೋಸ್ ಕಡಿಮೆಯಾದರೆ ಕಾಳು ಕಾಣುತ್ತದೆ, ಓದುವ ವೈದ್ಯರು ದೂರುತ್ತಾರೆ. ಹೆಚ್ಚಾದರೆ ಚಿತ್ರ ಇನ್ನಷ್ಟು ನಯವಾಗುವುದರಿಂದ ಯಾರೂ ದೂರುವುದಿಲ್ಲ. ಹೀಗೆ ಡೋಸ್ ಸದ್ದಿಲ್ಲದೆ ಮೇಲೇರುವ ಸಾಧ್ಯತೆ ಡಿಜಿಟಲ್ ಯುಗದ ಸ್ವಂತ ಪಿಡುಗು. ನಿಯಮಿತ ಅಳತೆಯೊಂದೇ ಅದಕ್ಕೆ ಮದ್ದು.

ಚೆನ್ನಾಗಿ ನಡೆಸಿದರೆ ಡಿಜಿಟಲ್ ಡೋಸ್, ಗುಣಮಟ್ಟ ಎಂಬ ಎರಡೂ ತಟ್ಟೆಗಳಲ್ಲಿ ಗೆಲ್ಲುತ್ತದೆ. ಅಮೆರಿಕ ಮತ್ತು ಕೆನಡಾದ 49,528 ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 50 ವರ್ಷದೊಳಗಿನವರು ಮತ್ತು ಸಾಂದ್ರ ಸ್ತನದವರಲ್ಲಿ ಡಿಜಿಟಲ್ ಚಿತ್ರ ಫಿಲ್ಮಿಗಿಂತ ಹೆಚ್ಚು ನಿಖರವಾಗಿತ್ತು. ಅದೇ ಪ್ರಯೋಗದಲ್ಲಿ ಒಂದು ಚಿತ್ರದ ಸರಾಸರಿ ಡೋಸ್ ಫಿಲ್ಮಿಗೆ 2.37, ಡಿಜಿಟಲ್‌ಗೆ 1.86 ಮಿಲಿಗ್ರೇ. ಸಾಂದ್ರ ಸ್ತನಗಳೇ ಹೆಚ್ಚಿರುವ ಮಲೇಷ್ಯಾದಂಥ ದೇಶಕ್ಕೆ ಈ ಫಲಿತಾಂಶದ ಬೆಲೆ ಹೆಚ್ಚು.

ಕೊಳವೆಯನ್ನು ಕಮಾನಿನಂತೆ ಸರಿಸುತ್ತ ಹಲವು ಕೋನಗಳಿಂದ ತೆಗೆದು ಸ್ತನವನ್ನು ಪದರ ಪದರವಾಗಿ ತೋರಿಸುವ ಟೊಮೊಸಿಂಥೆಸಿಸ್ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆಯಿತು. ನೆರಳಿನ ತೊಡಕನ್ನು ಅದು ಬಹಳಷ್ಟು ಬಿಡಿಸುತ್ತದೆ. ಆದರೆ ಮಾಮೂಲಿ ಚಿತ್ರವನ್ನೂ ಇದನ್ನೂ ಒಟ್ಟಿಗೆ ತೆಗೆದರೆ ಡೋಸ್ ಸುಮಾರು ಎರಡು ಪಟ್ಟು. ಪದರಗಳಿಂದಲೇ ಮಾಮೂಲಿ ಚಿತ್ರವನ್ನು ಗಣಕದಲ್ಲಿ ಕಟ್ಟುವ ವಿಧಾನ ಆ ಹೊರೆಯನ್ನು ಇಳಿಸಿದೆ.

ಅಪಾಯ ಮತ್ತು ಲಾಭ

ವಿಕಿರಣದಿಂದ ಸ್ತನ ಕ್ಯಾನ್ಸರ್ ಬರಬಲ್ಲದು ಎಂಬ ತಿಳಿವು ಬಂದದ್ದು ಮ್ಯಾಮೊಗ್ರಾಂನಿಂದಲ್ಲ. ಹಿರೊಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರು ಮತ್ತು ಕ್ಷಯ ಚಿಕಿತ್ಸೆಯ ವೇಳೆ ಪದೇ ಪದೇ ಎದೆಗೆ ಎಕ್ಸ್‌ರೇ ಪಡೆದ ಉತ್ತರ ಅಮೆರಿಕದ ಮಹಿಳೆಯರು ಅದರ ಮೂಲ. ಅವರಿಗೆ ಬಿದ್ದ ಡೋಸ್ ಬಹಳ ಹೆಚ್ಚಿನದು. ಅಲ್ಲಿಂದ ಮಿಲಿಗ್ರೇ ಮಟ್ಟಕ್ಕೆ ಸರಳರೇಖೆ ಎಳೆದು ಅಪಾಯವನ್ನು ಅಂದಾಜಿಸುತ್ತಾರೆ. ಆ ದಾಖಲೆಗಳಿಂದ ಖಚಿತವಾಗಿ ತಿಳಿದ ಸಂಗತಿಯೆಂದರೆ ಎಳೆಯ ವಯಸ್ಸಿನಲ್ಲಿ ಅಪಾಯ ಹೆಚ್ಚು, ವಯಸ್ಸು ಏರಿದಂತೆ ಇಳಿಕೆ.

ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಮಿಗ್ಲಿಯೊರೆಟ್ಟಿ ಮತ್ತು ಸಂಗಡಿಗರ ಗಣಕ ಮಾದರಿಯ ಪ್ರಕಾರ, ಒಂದು ಲಕ್ಷ ಮಹಿಳೆಯರು 40ರಿಂದ 74ರ ವಯಸ್ಸಿನವರೆಗೆ ವರ್ಷ ವರ್ಷವೂ ಡಿಜಿಟಲ್ ಮ್ಯಾಮೊಗ್ರಾಂ ಮಾಡಿಸಿದರೆ ವಿಕಿರಣದಿಂದ 125 ಕ್ಯಾನ್ಸರ್, 16 ಸಾವು ಉಂಟಾಗಬಹುದು. ಬೇಗ ಪತ್ತೆಯಾಗಿ ತಪ್ಪುವ ಸಾವು 968. ಐವತ್ತಕ್ಕೆ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಮಾಡಿದರೆ ವಿಕಿರಣದ ಕ್ಯಾನ್ಸರ್ ಐದನೇ ಒಂದು ಪಾಲಿಗೆ, ಅಂದರೆ 27ಕ್ಕೆ ಇಳಿಯುತ್ತದೆ. ಹೆಚ್ಚುವರಿ ಚಿತ್ರ ಬೇಕಾಗುವ ದೊಡ್ಡ ಸ್ತನದವರಲ್ಲಿ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಡೋಸನ್ನು ಹದಗೊಳಿಸುವ ದೊಡ್ಡ ಕೀಲಿ ಯಂತ್ರದಲ್ಲಷ್ಟೇ ಅಲ್ಲ, ಯಾವ ವಯಸ್ಸಿನಿಂದ, ಎಷ್ಟು ಅಂತರದಲ್ಲಿ ಎಂಬ ನೀತಿಯಲ್ಲೂ ಇದೆ ಎಂಬುದನ್ನು ಈ ಅಂಕಿಗಳು ಕಾಣಿಸುತ್ತವೆ.

ತಪಾಸಣೆಯ ನೀತಿ

ಮಲೇಷ್ಯಾದ ಚಿಕಿತ್ಸಾ ಮಾರ್ಗಸೂಚಿ 50ರಿಂದ 74 ವರ್ಷದ ಸಾಮಾನ್ಯ ಮಹಿಳೆಯರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಬಹುದೆನ್ನುತ್ತದೆ. ಕುಟುಂಬದಲ್ಲಿ ರೋಗವಿದ್ದವರಂಥ ಹೆಚ್ಚು ಅಪಾಯದವರಿಗೆ ಬೇರೆ ಕ್ರಮ. ಆದರೆ ಮನೆಮನೆಗೆ ಪತ್ರ ಕಳಿಸಿ ಎಲ್ಲರನ್ನೂ ಕರೆಯುವ ಯುರೋಪಿನ ಮಾದರಿಯ ರಾಷ್ಟ್ರೀಯ ಯೋಜನೆ ಅಲ್ಲಿಲ್ಲ. ಆಸ್ಪತ್ರೆಗೆ ಬಂದವರಿಗೆ, ಕೇಳಿದವರಿಗೆ ಮಾಡುವ ಕ್ರಮವಿದೆ. ಈ ಕೊರತೆಯನ್ನು ತುಂಬಲು ರಾಷ್ಟ್ರೀಯ ಜನಸಂಖ್ಯೆ ಮತ್ತು ಕುಟುಂಬ ಅಭಿವೃದ್ಧಿ ಮಂಡಳಿ 2007ರಿಂದ ರಿಯಾಯಿತಿ ದರದ ಮ್ಯಾಮೊಗ್ರಾಂ ಯೋಜನೆ ನಡೆಸುತ್ತಿದೆ. ಕಾರ್ಮಿಕರ ಸಾಮಾಜಿಕ ಭದ್ರತಾ ಸಂಸ್ಥೆ ಪೆರ್ಕೆಸೊ 2013ರಲ್ಲಿ ಆರಂಭಿಸಿದ ಆರೋಗ್ಯ ತಪಾಸಣಾ ಯೋಜನೆಯಲ್ಲಿ 40 ದಾಟಿದ ವಿಮಾದಾರ ಮಹಿಳೆಯರಿಗೆ ಮ್ಯಾಮೊಗ್ರಾಂ ಚೀಟಿ ಕೊಟ್ಟಿತು. 1966ರಲ್ಲಿ ಹುಟ್ಟಿದ ಮಲೇಷ್ಯಾ ರಾಷ್ಟ್ರೀಯ ಕ್ಯಾನ್ಸರ್ ಸಂಘವೂ ಕ್ವಾಲಾಲಂಪುರದಲ್ಲಿ ತಪಾಸಣಾ ಕೇಂದ್ರ ನಡೆಸುತ್ತದೆ.

ಅಷ್ಟಾದರೂ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಅಂಕಿಗಳು ಸಮಾಧಾನ ಕೊಡುವುದಿಲ್ಲ. ಅಲ್ಲಿನ ಮಹಿಳೆಯರ ಎಲ್ಲ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸ್ತನದ್ದು. ಜೀವಮಾನದಲ್ಲಿ ಈ ರೋಗ ಬರುವ ಸಂಭವ 2007–2011ರ ಅವಧಿಯಲ್ಲಿ 30ಕ್ಕೆ ಒಂದು ಇದ್ದದ್ದು 2012–2016ರಲ್ಲಿ 27ಕ್ಕೆ ಒಂದಾಯಿತು. ಮೂರು ಮತ್ತು ನಾಲ್ಕನೆಯ ಹಂತದಲ್ಲಿ ಪತ್ತೆಯಾದವರ ಪಾಲು ಶೇ 43.2ರಿಂದ ಶೇ 47.9ಕ್ಕೆ ಏರಿತು. ಸಂಕೋಚ, ಭಯ, ನಾಟಿ ವೈದ್ಯ ಬೊಮೊನ ಬಳಿ ಕಳೆದ ತಿಂಗಳುಗಳು, ಯಂತ್ರವಿರುವ ಊರಿನ ದೂರ, ಎಲ್ಲವೂ ಇದರ ಹಿಂದಿವೆ.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿ ಮ್ಯಾಮೊಗ್ರಫಿ ಯಂತ್ರಗಳ ಪರವಾನಗಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕೈಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕೇಂದ್ರಗಳಲ್ಲಿ ಮ್ಯಾಮೊಗ್ರಾಂ ಲಭ್ಯವಿದ್ದರೂ, ದೇಶದ 2016ರ ತಪಾಸಣಾ ಮಾರ್ಗಸೂಚಿ ಸಾಮಾನ್ಯ ಮಹಿಳೆಯರಿಗೆ ಮ್ಯಾಮೊಗ್ರಾಂ ಹೇಳಿಲ್ಲ. 30ರಿಂದ 65 ವರ್ಷದವರಿಗೆ ತರಬೇತಾದ ಕಾರ್ಯಕರ್ತೆಯಿಂದ ಕೈಪರೀಕ್ಷೆ ಎಂದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಪರೀಕ್ಷೆಯಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. 50ರೊಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಮಲೇಷ್ಯಾದ ಆರೋಗ್ಯ ಕೇಂದ್ರಗಳಲ್ಲೂ ಕೈಪರೀಕ್ಷೆ ರೂಢಿಯಲ್ಲಿದೆ.

ಕೈಪರೀಕ್ಷೆಯ ಡೋಸ್ ಸೊನ್ನೆ. ಆದರೆ ಬೆರಳಿಗೆ ಸಿಗದ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಚುಕ್ಕೆ ಅದಕ್ಕೆ ಎಂದೂ ಸಿಗದು. ಆ ಚುಕ್ಕೆ ಬೇಕೆಂದರೆ ಒಂದಿಷ್ಟು ಕಿರಣ ತೆರಲೇಬೇಕು. ಎಷ್ಟು ಎಂಬುದಕ್ಕೆ ಉತ್ತರ ಬೇರೆ ದೇಶದ ಕೋಷ್ಟಕದಲ್ಲಿ ಸಿಗುವುದಿಲ್ಲ. ಹಲಗೆಯ ಮುಂದೆ ನಿಂತ ಅಲ್ಲಿಯ ಮಹಿಳೆಯರನ್ನೇ ಅಳೆದು ಕಂಡುಕೊಳ್ಳಬೇಕು.